ತಾಳಮದ್ದಳೆಯ ಕ್ಯಾಸೆಟ್ಟು ಪ್ಲೇಟಿಗೆ ಇಳಿಯುವವರೆಗೆ

ಕಳೆದ ವಾರ ನಾವೇ ಕೊರೆದ ಒಂದು ಪ್ಲೇಟು, ಎಂದರೆ ಗ್ರಾಮಫೋನ್ ರೆಕಾರ್ಡು, ಮೊದಲ ಗೆರೆಯಿಂದ ಕಡೆಯ ಗೆರೆಯವರೆಗೆ ಕರಕರ ಇಲ್ಲದೆ, ಗುಂಯ್‌ಗುಡದೆ, ಸೂಜಿ ಹಾರದೆ ಓಡಿತು. ಒಂದು ಬದಿಗೆ 14 ನಿಮಿಷದ ತಾಳಮದ್ದಳೆ, ವೇಷ ಕಟ್ಟದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ. ಇಷ್ಟು ಮಾಡಲಿಕ್ಕೆ ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಿತು. ಶಿರಸಿ, ಸಿದ್ದಾಪುರ, ಕುಮಟಾ ಕಡೆ ಮನೆಯಲ್ಲಿ ಹಳೆ ಕ್ಯಾಸೆಟ್ಟು ಇಟ್ಟುಕೊಂಡವರು, ಪ್ಲೇಟು ಕೊರೆಯುವ ಮಷಿನ್ನು ಬಂದಿದೆ ಎಂಬ ಸುದ್ದಿ ಕೇಳಿ, ‘ನಾವೂ ಮಾಡಬಹುದಾ’ ಎಂದು ಕೇಳುತ್ತಿದ್ದಾರೆ. ಎಲ್ಲರಿಗೂ ಫೋನಿನಲ್ಲಿ ಹೇಳುವಷ್ಟು ಚಿಕ್ಕ ಕಥೆ ಇದಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು, ಪ್ಲೇಟೇ ಯಾಕೆ? ನಮ್ಮ ಕಡೆ ಎಂಬತ್ತರ ದಶಕದಲ್ಲಿ ಮನೆಮನೆಯಲ್ಲಿ ತಾಳಮದ್ದಳೆ ಆಗುತ್ತಿತ್ತು, ಆದದ್ದನ್ನೆಲ್ಲ ಯಾರಾದರೂ ಒಬ್ಬರು ಟೂ-ಇನ್-ಒನ್‌ನಲ್ಲಿ ತುಂಬಿಸಿಕೊಳ್ಳುತ್ತಿದ್ದರು. ಆ ಕ್ಯಾಸೆಟ್ಟುಗಳು ಈಗ ಒಂದೊಂದಾಗಿ ಬೂಸ್ಟು ಹಿಡಿಯುತ್ತಿವೆ. ಕಂಪ್ಯೂಟರಿಗೆ ಹಾಕಿಟ್ಟದ್ದು ಇದ್ದೇ ಇದೆ, ಅದು ಬೇರೆ ಮಾತು. ಅಂದು ಹಾಡಿದ, ಅರ್ಥ ಹೇಳಿದ ಹಿರಿಯರ ಮನೆಗಳಿಗೆ ಕೈಯಲ್ಲಿ ಹಿಡಿದು ನೋಡುವಂಥದ್ದು ಒಂದು ಕೊಡಬೇಕು ಎಂದು ನಾವು ಕೆಲವರು ಸೇರಿ ಆಸೆಪಟ್ಟೆವು. ಬೇಕಾದದ್ದು ಬೆರಳೆಣಿಕೆಯ ಪ್ರತಿ. ಕಾರ್ಖಾನೆಯಲ್ಲಿ ಒತ್ತಿಸಬೇಕೆಂದರೆ ಅಚ್ಚು ಮಾಡಿಸಬೇಕು, ಒಮ್ಮೆಗೆ ನೂರಾರು ಪ್ರತಿ ತೆಗೆದುಕೊಳ್ಳಬೇಕು. ನಮ್ಮ ಲೆಕ್ಕಕ್ಕೆ ಅದು ಒಗ್ಗುವಂಥದ್ದಲ್ಲ. ಉಳಿದ ದಾರಿ ಎಂದರೆ ಒಂದೊಂದೇ ಪ್ಲೇಟನ್ನು ಕೊರೆಯುವುದು. ಹಾಡು ಎಷ್ಟು ಹೊತ್ತೋ ಕೊರೆಯುವುದೂ ಅಷ್ಟೇ ಹೊತ್ತು. ಮಧ್ಯೆ ಏನಾದರೂ ಹಾಳಾದರೆ ಆ ಪ್ಲೇಟು ಎಸೆದು ಮತ್ತೆ ಮೊದಲಿಂದ.

ದೊಡ್ಡ ಸ್ಟುಡಿಯೋಗಳು ಕೊರೆಯುವುದು ಅಲ್ಯುಮಿನಿಯಂ ತಟ್ಟೆಗೆ ಲ್ಯಾಕರ್ ಬಳಿದ ಡಿಸ್ಕಿನ ಮೇಲೆ. ಅದನ್ನು ಮಾಡುವವರು ಜಗತ್ತಿನಲ್ಲೇ ಬಹಳ ಕಡಿಮೆ. ಅವರಲ್ಲಿ ಒಂದಾದ ಅಮೆರಿಕದ ಅಪೊಲೊ ಮಾಸ್ಟರ್ಸ್ ಕಾರ್ಖಾನೆ 2020ರ ಫೆಬ್ರವರಿಯಲ್ಲಿ ಬೆಂಕಿಗೆ ಸುಟ್ಟುಹೋಯಿತು. ಅದೂ ಅಲ್ಲದೆ ಲ್ಯಾಕರ್ ಮೆತ್ತಗಿನ ವಸ್ತು, ಅಚ್ಚು ತೆಗೆಯಲಿಕ್ಕೆ ಸರಿ, ಮನೆಯಲ್ಲಿ ದಿನಾ ಹಾಕಿ ಕೇಳಿದರೆ ಸವೆದುಹೋಗುತ್ತದೆ. ಹಾಗಾಗಿ ನಾವು ಪ್ಲಾಸ್ಟಿಕ್ ಪ್ಲೇಟಿನ ಮೇಲೆ ವಜ್ರದ ಸೂಜಿಯಿಂದ ನೇರ ಕೊರೆಯುವ ಚಿಕ್ಕ ಮಷಿನ್ನಿಗೆ ಹೋದೆವು. ಒಳ್ಳೆಯ ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್ ಒಂದರ ಮೇಲೆ ಕೂರಿಸುವ ತೋಳು, ಕೊರೆಯುವ ಸೂಜಿಯನ್ನು ಹಿಡಿದು ಆಡಿಸುವ ಕಟಿಂಗ್ ಹೆಡ್ಡು, ಅದಕ್ಕೆ ಆಂಪ್ಲಿಫೈಯರ್, ಕೊರೆದ ಎಳೆಯನ್ನು ಹೀರುವ ನಳಿಗೆ. ಯುರೋಪಿನಿಂದ ತರಿಸಿದ್ದು. ಎಲ್ಲ ಸೇರಿ ಐದು ಲಕ್ಷದ ಹತ್ತಿರ ಬಂತು. ನನ್ನ ಪಾಲಿನದ್ದು ಆ ವರ್ಷದ ಚಾಲಿ ಅಡಕೆ ಮಾರಿದ ದುಡ್ಡು.

ದುಡ್ಡು ಕಳಿಸಿದ ಮೇಲೆ ಕಾಯುವ ಕೆಲಸ. ಪಾರ್ಸೆಲ್ ವಿಮಾನ ಇಳಿಯಿತು, ಕಸ್ಟಮ್ಸಿನಲ್ಲಿ ನಿಂತಿತು. ಪ್ಲೇಟು ಕೊರೆಯುವ ಮಷಿನ್ನಿಗೂ ಇಂಗ್ಲಿಷಿನಲ್ಲಿ ಲೇತ್ ಎನ್ನುತ್ತಾರೆ, ಇನ್‌ವಾಯ್ಸಿನಲ್ಲಿ ‘ಲೇತ್’ ಎಂದೇ ಬರೆದಿದ್ದರು. ಸುಂಕದ ಪಟ್ಟಿಯಲ್ಲಿ ಲೇತ್ ಎಂದರೆ ಕಬ್ಬಿಣ ಕಡೆಯುವ ಯಂತ್ರ, 8458ನೇ ಶೀರ್ಷಿಕೆ. ಧ್ವನಿಮುದ್ರಣದ ಉಪಕರಣ ಬರುವುದು 8519ರಲ್ಲಿ. ‘ವರ್ಕ್‌ಶಾಪ್ ಇದೆಯೇ, ವ್ಯಾಪಾರಕ್ಕೋ, ಆಮದು ನಂಬರ್ ಎಲ್ಲಿ’ ಎಂದು ಕೊರಿಯರಿನವರಿಂದ ಮೇಲ್ ಮೇಲೆ ಮೇಲ್. ಸ್ವಂತ ಬಳಕೆಗೆ ತರಿಸುವವರಿಗೆ ಆಮದು-ರಫ್ತು ಕೋಡ್ ಬೇಕಿಲ್ಲ, ಆದರೆ ಅದನ್ನು ನಾವೇ ಬರೆದು ತಿಳಿಸಬೇಕು. ಆಧಾರ್, ಪ್ಯಾನ್, ಬ್ಯಾಂಕಿನಿಂದ ಹಣ ಹೋದ ಕಾಗದ, ಮಷಿನ್ನಿನ ಫೋಟೊ, ಏನಕ್ಕೆ ಬಳಸುತ್ತೇವೆ ಎಂದು ಸಹಿ ಮಾಡಿದ ಒಂದು ಪುಟ, ಇಷ್ಟು ಕೊಟ್ಟ ಮೇಲೆ ಕದಲಿತು. ನಿಂತ ದಿನಗಳಿಗೆ ಗೋದಾಮಿನ ಬಾಡಿಗೆ ಬೇರೆ. ನೀವು ತರಿಸುವುದಾದರೆ ಕಳಿಸುವವರಿಗೆ ಮೊದಲೇ ಹೇಳಿ, ‘ಸೌಂಡ್ ರೆಕಾರ್ಡಿಂಗ್ ಅಪ್ಯಾರಟಸ್’ ಎಂದೇ ಬರೆಯಲಿ. ಖಾಲಿ ಪ್ಲೇಟನ್ನು ಅದೇ ಡಬ್ಬಿಯಲ್ಲಿ ಹಾಕಿದರೆ ಅದನ್ನು ಬೇರೆ ಸಾಲಿನಲ್ಲಿ ತೋರಿಸಲಿ. ಕೊನೆಗೆ ಶಿರಸಿಯವರೆಗೆ ತಲುಪಿಸುವುದಿಲ್ಲ ಎಂದರು. ಹುಬ್ಬಳ್ಳಿಗೆ ಹೋಗಿ ಜೀಪಿನಲ್ಲಿ ತಂದೆವು, ದಾರಿಯಲ್ಲಿ ಪ್ರತಿ ಗುಂಡಿಗೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತ.

ಇದರ ನಡುವೆ ಇನ್ನೊಂದು ಕಾಗದದ ಕೆಲಸ ಮುಗಿಸಿದ್ದು ಒಳ್ಳೆಯದಾಯಿತು. ಕ್ಯಾಸೆಟ್ಟಿನಲ್ಲಿ ದನಿ ಇರುವ, ಪದ್ಯ ಹಾಡುವ ಭಾಗವತರು, ಮದ್ದಳೆಯವರು, ಪಾತ್ರಗಳ ಮಾತಾಡುವ ಅರ್ಥಧಾರಿಗಳು, ಅವರಿಲ್ಲದಿದ್ದರೆ ಅವರ ಮನೆಯವರು, ಎಲ್ಲರಿಂದ ಒಪ್ಪಿಗೆ ಬರೆಸಿಕೊಂಡೆವು. ಯಾರೂ ಬೇಡ ಎನ್ನಲಿಲ್ಲ. ಹೋದಲ್ಲೆಲ್ಲ ಆಸರಿ, ಊಟ, ಮೇಲಿಂದ ಇನ್ನೆರಡು ಕ್ಯಾಸೆಟ್ಟು.

ಮೊದಲ ಪ್ಲೇಟನ್ನು ಮನೆಯವರೆಲ್ಲ ಕೂತು ಕೇಳಿದೆವು. ಆಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿ, “ಭಾಗ್ವತ್ರ ಸ್ವರ ಹೌದು, ಆದ್ರೆ ಥಂಡಿ ಆದಾಂಗ್ ಕೇಳ್ತು” ಎಂದಳು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ದನಿಯ ಹಿಂದೆ ಒಂದೇ ಸಮನೆ ಸುಂಯ್, ಅದರ ಕೆಳಗೆ ಗುಂಯ್, ತಾಳ ಬಿದ್ದಲ್ಲೆಲ್ಲ ಛರ್ರೆಂದು ಹರಿದ ಸದ್ದು, ನಡುನಡುವೆ ಸೂಜಿ ಒಂದು ಗೆರೆಯಿಂದ ಇನ್ನೊಂದಕ್ಕೆ ಹಾರುವುದು. ದುಡ್ಡು ಹಾಕಿದ ಉಳಿದವರು ಏನೂ ಅನ್ನದೆ ಚಹಾ ಕುಡಿದು ಹೋದರು. ಬಾಯಿಬಿಟ್ಟು ಬೈದಿದ್ದರೆ ಹಗುರಾಗುತ್ತಿತ್ತು.

ಇಂಟರ್ನೆಟ್ಟಿನಲ್ಲಿ ಒಂದೊಂದು ತೊಂದರೆಗೆ ಹತ್ತತ್ತು ಪರಿಹಾರ ಸಿಗುತ್ತದೆ. ಎಲ್ಲವನ್ನೂ ಒಟ್ಟಿಗೆ ಮಾಡಲು ಹೋದರೆ ಯಾವುದರಿಂದ ಏನಾಯಿತು ಎಂದೇ ತಿಳಿಯುವುದಿಲ್ಲ. ನಮ್ಮನ್ನು ಬಚಾವು ಮಾಡಿದವರು ಶಿರಸಿ ಪೇಟೆಯಲ್ಲಿ ಬಹಳ ವರ್ಷ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಒಬ್ಬ ಹಿರಿಯರು, ನಾವೆಲ್ಲ ಮಾವ ಎಂದೇ ಕರೆಯುವುದು. ಬಂದವರು ಮಷಿನ್ನಿನ ಸುತ್ತ ಒಂದು ಸುತ್ತು ಹಾಕಿ, ಎಲೆಅಡಕೆ ಹಾಕಿಕೊಂಡು, “ತಮಾ, ಹಾಡು ಬದಿಗಿಡು. ಎಂತದೂ ಇಲ್ದೇ ಬರೀ ಗೆರೆ ಕೊರಿ, ಕೇಳನ” ಎಂದರು.

ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಖಾಲಿ ಗೆರೆಯಲ್ಲಿ ಕೇಳುವ ಸದ್ದು ಕ್ಯಾಸೆಟ್ಟಿನದ್ದಲ್ಲ, ಭಾಗವತರದ್ದಲ್ಲ, ಮಷಿನ್ನಿನದ್ದು. ಮೊದಲು ಆಂಪ್ಲಿಫೈಯರ್ ಪೂರ್ತಿ ಆರಿಸಿ ಒಂದಿಷ್ಟು ಗೆರೆ. ಆಮೇಲೆ ಆಂಪ್ಲಿಫೈಯರ್ ಹಾಕಿ, ಕಂಪ್ಯೂಟರ್ ಜೋಡಿಸದೆ ಒಂದಿಷ್ಟು. ಆಮೇಲೆ ಕಂಪ್ಯೂಟರ್ ಜೋಡಿಸಿ, ಏನೂ ನುಡಿಸದೆ ಒಂದಿಷ್ಟು. ಒಂದೇ ಪ್ಲೇಟಿನಲ್ಲಿ ಮೂರೂ ಪಟ್ಟಿ ಕೊರೆದು ಕೇಳಿದಾಗ ಸುಂಯ್ ಮೂರರಲ್ಲೂ ಇತ್ತು. ಗುಂಯ್ ಇದ್ದದ್ದು ಮೂರನೆಯದರಲ್ಲಿ ಮಾತ್ರ. ಅಷ್ಟು ದಿನ ಒಂದೇ ಗಂಟಾಗಿ ಕಾಡಿದ್ದು ಎರಡು ಬೇರೆ ಬೇರೆ ತೊಂದರೆ ಎಂದು ಗೊತ್ತಾಯಿತು.

ಗುಂಯ್ ಬೇಗ ಬಗೆಹರಿಯಿತು. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಅದರ ಗುಂಯ್ 50, 100, 150ರಲ್ಲಿ ಕೂರುತ್ತದೆ. ಕಂಪ್ಯೂಟರ್ ಒಂದು ಗೋಡೆಯ ಪ್ಲಗ್ಗಿನಲ್ಲಿ, ಆಂಪ್ಲಿಫೈಯರ್ ಇನ್ನೊಂದು ಕೋಣೆಯ ಪ್ಲಗ್ಗಿನಲ್ಲಿ ಇತ್ತು, ಎರಡರ ಅರ್ಥಿಂಗ್ ನಡುವೆ ಚೂರು ವ್ಯತ್ಯಾಸ. ಎಲ್ಲವನ್ನೂ ಒಂದೇ ಬೋರ್ಡಿಗೆ ತಂದು, ಟರ್ನ್‌ಟೇಬಲ್ಲಿನ ಅರ್ಥ್ ತಂತಿಯನ್ನು ಆಂಪ್ಲಿಫೈಯರಿನ ಒಂದೇ ಬಿಂದುವಿಗೆ ಕಟ್ಟಿದೆವು. ಮನೆಯ ಅರ್ಥಿಂಗ್ ಗುಂಡಿಯನ್ನೂ ಅಗೆಸಿ ಉಪ್ಪು, ಇದ್ದಿಲು ಹೊಸದಾಗಿ ತುಂಬಿಸಿದೆವು. ಗುಂಯ್ ಹೋಗುತ್ತದೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನೇ ಕಿತ್ತು ಹಾಕುವವರಿದ್ದಾರೆ. ಸದ್ದು ಹೋಗಬಹುದು, ಒಂದು ದಿನ ಜೀವವೂ ಹೋಗಬಹುದು. ಖಂಡಿತ ಬೇಡ. ಇನ್ವರ್ಟರ್ ಮೇಲೆ ಕೊರೆಯುವವರು ಅದು ಸೈನ್ ವೇವ್ ಹೌದೋ ಅಲ್ಲವೋ ನೋಡಿಕೊಳ್ಳಿ. ಸ್ಕ್ವೇರ್ ವೇವ್ ಇನ್ವರ್ಟರಿನ ಝುಂಯ್ ಗೆರೆಯೊಳಗೆ ಇಳಿದರೆ ಯಾವ ಫಿಲ್ಟರಿಗೂ ಪೂರ್ತಿ ಬಗ್ಗುವುದಿಲ್ಲ. ತೋಟದ ಪಂಪು ಶುರುವಾದಾಗ ಬೀಳುವ ಟಿಕ್ ಒಂದು ಉಳಿಯಿತು. ಅದಕ್ಕೆ ಮದ್ದು ಪಂಪು ಹಾಕುವ ಹೊತ್ತಿನಲ್ಲಿ ಕೊರೆಯದೇ ಇರುವುದು.

ಸುಂಯ್ ಮಾತ್ರ ತಿಂಗಳುಗಟ್ಟಲೆ ಕಾಡಿತು. ಪ್ಲಾಸ್ಟಿಕ್ ಕೊರೆಯುವಾಗ ಸೂಜಿ ಬಿಸಿ ಇರಬೇಕು. ಸೂಜಿಯ ಕಾಂಡಕ್ಕೆ ಕೂದಲಷ್ಟು ತೆಳು ತಂತಿ ಸುತ್ತಿ ಅದರಲ್ಲಿ ಕರೆಂಟು ಹಾಯಿಸುತ್ತಾರೆ. ಬಿಸಿ ಸಾಲದಿದ್ದರೆ ಗೆರೆಯ ಗೋಡೆ ನುಣುಪಾಗದೆ ಸೀಳುಸೀಳಾಗುತ್ತದೆ, ಆ ಸೀಳನ್ನೇ ನುಡಿಸುವ ಸೂಜಿ ಸುಂಯ್ ಎಂದು ಓದುತ್ತದೆ. ಹೆಚ್ಚಾದರೆ ಪ್ಲಾಸ್ಟಿಕ್ಕು ಕರಗಿ ಅಂಚು ಉಬ್ಬುತ್ತದೆ. ಅಂಕಿ ಮಷಿನ್ನಿನಿಂದ ಮಷಿನ್ನಿಗೆ ಬೇರೆ, ಹಾಗಾಗಿ ನಮ್ಮದನ್ನು ಹೇಳಿದರೆ ನಿಮಗೆ ಉಪಯೋಗವಿಲ್ಲ. ವಿಧಾನ ಹೇಳುತ್ತೇನೆ: ಬಿಸಿಯನ್ನು ಒಂದೊಂದೇ ಮೆಟ್ಟಿಲು ಏರಿಸುತ್ತ ಖಾಲಿ ಗೆರೆ ಕೊರೆಯಿರಿ, ಪ್ರತಿ ಪಟ್ಟಿಯ ಪಕ್ಕ ಮಾರ್ಕರಿನಲ್ಲಿ ಅಂಕಿ ಬರೆಯಿರಿ, ಎಲ್ಲವನ್ನೂ ಒಂದೇ ವಾಲ್ಯೂಮಿನಲ್ಲಿ ಕೇಳಿ. ಒಂದು ಕಡೆ ಸುಂಯ್ ಥಟ್ಟನೆ ತಗ್ಗುತ್ತದೆ, ಮುಂದೆ ಮತ್ತೆ ಏರುತ್ತದೆ.

ಹೀಗೆ ಮಾಡಿಯೂ ನಮಗೆ ಒಂದು ದಿನ ಸಿಕ್ಕ ಫಲ ಮಾರನೆ ದಿನ ಸಿಗುತ್ತಿರಲಿಲ್ಲ. ಅದೇ ಸೂಜಿ, ಅದೇ ಬಿಸಿ, ಅದೇ ಪೆಟ್ಟಿಗೆಯ ಪ್ಲೇಟು. ಬರೆದಿಟ್ಟುಕೊಂಡ ವಹಿಯನ್ನು ತಿರುವಿದಾಗ ಕಂಡದ್ದು, ಮಧ್ಯಾಹ್ನ ಕೊರೆದದ್ದೆಲ್ಲ ಮೆತ್ತಗೆ, ಬೆಳಿಗ್ಗೆ ಕೊರೆದದ್ದೆಲ್ಲ ಒರಟು. ಆಗ ಡಿಸೆಂಬರು. ಬೆಳಗಿನ ಚಳಿಗೆ ಪ್ಲೇಟು ತಣ್ಣಗಿರುತ್ತಿತ್ತು, ಸೂಜಿಯ ಬಿಸಿ ಅದಕ್ಕೆ ಸಾಲುತ್ತಿರಲಿಲ್ಲ. ಕೋಳಿಮರಿಗಳಿಗೆ ಕಾವು ಕೊಡಲು ಬಳಸುವ ಕೆಂಪು ಬಲ್ಬು ಸಿಗುತ್ತದಲ್ಲ, ಅದನ್ನೊಂದು ತಂದು ಪ್ಲೇಟಿನ ಮೇಲೆ ತೂಗುಬಿಟ್ಟೆವು. ಪ್ಲೇಟು ಬರೀ ತಿರುಗುತ್ತ ಸ್ವಲ್ಪ ಹೊತ್ತು ಕಾಯಬೇಕು. ಕೈಗೆ ಬೆಚ್ಚಗೆ ತಾಗಿದರೆ ಸಾಕು, ಜಾಸ್ತಿಯಾದರೆ ಬಾಗುತ್ತದೆ. ಐದು ಲಕ್ಷದ ಯಂತ್ರದ ಸುಂಯ್ ಅರ್ಧಕ್ಕರ್ಧ ಇಳಿದದ್ದು ಕೆಲವೇ ನೂರು ರೂಪಾಯಿಯ ಆ ಬಲ್ಬಿನಿಂದ. ವಹಿ ಬರೆಯದಿದ್ದರೆ ಇದು ಹೊಳೆಯುತ್ತಲೇ ಇರಲಿಲ್ಲ. ಹೊತ್ತು, ಹವೆ, ಬಿಸಿಯ ಅಂಕಿ, ಸೂಜಿ ಎಷ್ಟು ಓಡಿದೆ ಎಂಬುದು, ಇಷ್ಟನ್ನು ಪ್ರತಿ ಸಲ ಬರೆಯಿರಿ.

ಉಳಿದರ್ಧದಲ್ಲಿ ಒಂದಿಷ್ಟು ಎಳೆಯಿಂದ ಬಂದದ್ದು. ಕೊರೆದಾಗ ಹೊರಬರುವ ಎಳೆ ಜೇಡನ ನೂಲಿನಷ್ಟು ಸಣ್ಣ, ಚಳಿಗಾಲದ ಒಣಹವೆಗೆ ಸ್ಥಾಯೀವಿದ್ಯುತ್ತು ತುಂಬಿಕೊಂಡು ಹೆಡ್ಡಿಗೇ ಅಂಟುತ್ತದೆ. ನಳಿಗೆ ಹೀರಬೇಕು, ಆದರೆ ಬಾಯಿ ಒಂದು ಕೂದಲೆಳೆ ಓರೆಯಾದರೂ ಎಳೆ ಸೂಜಿಗೆ ಸುತ್ತಿಕೊಂಡು ಗೆರೆ ಕೆಡುತ್ತದೆ. ನಳಿಗೆಯ ಬಾಯನ್ನು ಸೂಜಿಯ ಹಿಂದೆ, ಎಳೆ ತಾನಾಗಿ ಹೊರಳುವ ಕಡೆಗೆ ತಂದಿಟ್ಟೆವು, ಕೋಣೆಯಲ್ಲಿ ಒಂದು ಒದ್ದೆ ಪಂಚೆ ಹರವಿದೆವು. ಮಳೆಗಾಲದಲ್ಲಿ ಈ ಒಂದು ಕಾಟ ಇರುವುದಿಲ್ಲ, ನಮ್ಮೂರ ತೇವದ ಹವೆಯಿಂದ ಆದ ಉಪಕಾರ ಇದೊಂದೇ ಇರಬೇಕು. ಎಳೆ ಹೀರುವ ವ್ಯಾಕ್ಯೂಮಿನ ಸದ್ದು ಕೋಣೆಯೊಳಗೆ ಬಾರದಂತೆ ಅದನ್ನು ಗೋಡೆಯಾಚೆ ಜಗಲಿಯಲ್ಲಿ ಇಟ್ಟು ಪೈಪು ಮಾತ್ರ ಒಳಗೆ ತಂದಿದ್ದೇವೆ. ಲ್ಯಾಕರ್ ಡಿಸ್ಕಿನಲ್ಲಿ ಪ್ರಯೋಗ ಮಾಡುವವರು ಗಮನಿಸಿ, ಅದರ ಎಳೆ ಕ್ಷಣಾರ್ಧದಲ್ಲಿ ಬೆಂಕಿ ಹಿಡಿಯುವ ವಸ್ತು. ಮನೆಯೊಳಗೆ ಕೂಡಿಡಬೇಡಿ.

ಪ್ಲೇಟಿನದ್ದೇ ಒಂದು ಉಪಕಥೆ. ಹೊರದೇಶದ ಖಾಲಿ ಪ್ಲೇಟು ದುಬಾರಿ, ಹಾಗಾಗಿ ಹುಬ್ಬಳ್ಳಿಯಲ್ಲಿ ಬೋರ್ಡು ಮಾಡುವವರ ಹತ್ತಿರ ಶೀಟು ಕೊಯ್ಯಿಸಿದೆವು. ಮೊದಲು ಕೊಟ್ಟದ್ದು ಅಕ್ರಿಲಿಕ್. ಬಗ್ಗಿಸಿದರೆ ಪಟ್ಟನೆ ಮುರಿಯುವ ಅದು ಕೊರೆಯಲಿಕ್ಕಲ್ಲ, ಗೆರೆಯ ಅಂಚು ಚಕ್ಕೆಯೇಳುತ್ತದೆ. ಬೇಕಾದದ್ದು ಪಾಲಿಕಾರ್ಬೊನೇಟ್ ಅಥವಾ ಪಿಇಟಿಜಿ ಎಂಬ ಪ್ಲಾಸ್ಟಿಕ್ಕು, ಎರಡೂ ಬದಿಗೆ ಫಿಲ್ಮು ಅಂಟಿಸಿದ್ದು. ಲೇಸರಿನಲ್ಲಿ ಪಾಲಿಕಾರ್ಬೊನೇಟಿನ ಅಂಚು ಕರಕಲಾಗುತ್ತದೆ, ತಿರುಗುವ ಅಲಗಿನ ರೌಟರ್ ಯಂತ್ರದಲ್ಲಿ ಕೊಯ್ಯಿಸಿ. ಪಿವಿಸಿ ಶೀಟನ್ನಂತೂ ಲೇಸರಿಗೆ ಒಡ್ಡಲೇಬಾರದು, ವಿಷದ ಹೊಗೆ ಬರುತ್ತದೆ. ನಡುವಿನ ತೂತು 7.24 ಮಿ.ಮೀ. ಇರಬೇಕು, ಮತ್ತು ನಟ್ಟನಡುವೆ ಇರಬೇಕು.

ಆ ತೂತಿನ ಮಹತ್ವ ತಿಳಿದದ್ದು ಶ್ರುತಿಪೆಟ್ಟಿಗೆಯಿಂದ. ತಾಳಮದ್ದಳೆಯಲ್ಲಿ ಹಿಂದಿನಿಂದ ಶ್ರುತಿ ಒಂದೇ ಸಮ ಹರಿಯುತ್ತಿರುತ್ತದೆ. ಕೊರೆದ ಪ್ಲೇಟನ್ನು ಇನ್ನೊಬ್ಬರ ಮನೆಯ ಟರ್ನ್‌ಟೇಬಲ್ಲಿನಲ್ಲಿ ಹಾಕಿದಾಗ ಆ ಶ್ರುತಿ ತೊಟ್ಟಿಲು ತೂಗತೊಡಗಿತು. ಕೈಗಡಿಯಾರ ನೋಡಿದರೆ ಎರಡು ಸೆಕೆಂಡಿಗೆ ಒಂಚೂರು ಕಡಿಮೆ ಹೊತ್ತಿಗೊಮ್ಮೆ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡು, ಎಂದರೆ ತೊಂದರೆ ಸುತ್ತಿಗೊಮ್ಮೆ ಬರುತ್ತಿದೆ, ಎಂದರೆ ತೂತು ಸಡಿಲ ಅಥವಾ ಓರೆ.  ತೂತು ಸರಿಮಾಡಿಸಿದ ಮೇಲೆ 3150 ಹರ್ಟ್ಸಿನ ಒಂದು ಪರೀಕ್ಷಾ ಸ್ವರ ಕೊರೆದು ಅಳೆದೆವು. ಸಿನಿಮಾ ಹಾಡಿನಲ್ಲಿ ಕಿವಿಗೆ ಬೀಳದ ಓಲಾಟ ಶ್ರುತಿಯಲ್ಲಿ ಎದ್ದು ಕಾಣುತ್ತದೆ, ನಿಮ್ಮಲ್ಲಿ ಭಜನೆ, ಶಾಸ್ತ್ರೀಯ ಸಂಗೀತದ ಟೇಪಿದ್ದರೆ ಇದನ್ನು ಮೊದಲು ನೋಡಿ.

ಕೆಳಸ್ತರದ ಧಡ್ ಧಡ್ ಬಂದದ್ದು ಮೆತ್ತಿನ, ಎಂದರೆ ಮಹಡಿಯ, ಹಲಗೆಯಿಂದ. ಮೊದಲು ಮಷಿನ್ನು ಮೆತ್ತಿನ ಮೇಲಿತ್ತು, ಕೆಳಗೆ ಯಾರು ಓಡಾಡಿದರೂ ಗೆರೆಯೊಳಗೆ. ಕೆಳಗಿನ ಕೋಣೆಯಲ್ಲಿ ಚಿರೇಕಲ್ಲು ಪೇರಿಸಿ, ಮೇಲೆ ರಬ್ಬರು, ಅದರ ಮೇಲೆ ಕಡಪ ಕಲ್ಲಿನ ಚಪ್ಪಡಿ ಹಾಸಿದ ಮೇಲೆ ನಿಂತಿತು.

ಈಗ ‘ಥಂಡಿ ಆದ’ ಸ್ವರದ ವಿಷಯ. ಖಾಲಿ ಗೆರೆ ಶುದ್ಧವಾದರೂ ಭಾಗವತರ ದನಿ ತೆಳುವಾಗಿಯೇ ಇತ್ತು, ಮದ್ದಳೆಯಲ್ಲಿ ಗುಮ್ಮೇ ಇಲ್ಲ, ಸೂಜಿ ಹಾರುವುದು ನಿಂತಿಲ್ಲ. ಈಕ್ವಲೈಸರಿನಲ್ಲಿ ಎಷ್ಟು ತಿದ್ದಿದರೂ ಒಂದೇ. ಮಾವ ಒಂದು ಸಂಜೆ ಹಳೆಯ ಆಂಪ್ಲಿಫೈಯರ್ ಹಿಡಿದುಕೊಂಡು ಬಂದರು, ಅದರಲ್ಲಿ ಎಡ-ಬಲದ ಸದ್ದನ್ನು ಕೂಡಿಸಿ ಒಂದೇ ಮಾಡುವ ಮೊನೊ ಬಟನ್ ಇತ್ತು. ಪ್ಲೇಟು ಹಾಕಿ, ಬಟನ್ ಒತ್ತಿದರು. ಭಾಗವತರು ಮಾಯ. ಮದ್ದಳೆಯೂ ಮಾಯ. ಎಲ್ಲೋ ದೂರದಲ್ಲಿ ಚೂರು ಪಿಸುಪಿಸು ಮಾತ್ರ ಉಳಿಯಿತು. ಬಟನ್ ಬಿಟ್ಟರೆ ಎಲ್ಲರೂ ವಾಪಸ್ಸು. ಅವರು ನಗುತ್ತ ಮತ್ತೆ ಮತ್ತೆ ಒತ್ತಿ ತೋರಿಸಿದರು.

ಆದದ್ದು ಇಷ್ಟು. ಸ್ಟೀರಿಯೊ ಗೆರೆಯಲ್ಲಿ ಎಡ-ಬಲ ಎರಡಕ್ಕೂ ಸಮನಾಗಿರುವ ಸದ್ದು ಸೂಜಿಯನ್ನು ಅಡ್ಡಡ್ಡ ಆಡಿಸುತ್ತದೆ. ಎಡ-ಬಲಗಳ ನಡುವಿನ ವ್ಯತ್ಯಾಸ ಅದನ್ನು ಮೇಲೆ-ಕೆಳಗೆ ಆಡಿಸುತ್ತದೆ. ಹೆಡ್ಡಿನ ಒಂದು ಚಾನೆಲ್ಲಿನ ತಂತಿ ತಯಾರಾಗಿ ಬಂದಾಗಲೇ ಉಲ್ಟಾ ಜೋಡಣೆಯಾಗಿತ್ತು, ಎಡ-ಬಲ ಕೂಡಿಸಿದರೆ ಒಂದನ್ನೊಂದು ಅಳಿಸಿಹಾಕುತ್ತಿದ್ದವು. ಹಾಗಾಗಿ ಅಡ್ಡ ಆಡಬೇಕಿದ್ದ ಮದ್ದಳೆಯ ಪೆಟ್ಟು ಸೂಜಿಯನ್ನು ಮೇಲಕ್ಕೆತ್ತುತ್ತಿತ್ತು, ಗೆರೆ ಒಮ್ಮೆ ಆಳ ಒಮ್ಮೆ ತೇಲಿಕೆಯಾಗಿ, ತೇಲಿದಲ್ಲಿ ನುಡಿಸುವ ಸೂಜಿ ಹಾರುತ್ತಿತ್ತು. ಯುಎಸ್‌ಬಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗೆರೆ ಅಂಕುಡೊಂಕಾಗುವ ಬದಲು ಸಣ್ಣ-ದೊಡ್ಡ ಮಣಿ ಪೋಣಿಸಿದ ಹಾಗೆ ಕಾಣುತ್ತಿತ್ತು. ಎರಡು ತಂತಿ ಅದಲುಬದಲು ಮಾಡಿ ಬೆಸುಗೆ ಹಾಕಿದ್ದು ಚಹಾ ಆರುವುದರೊಳಗೆ. ಮಷಿನ್ನು ಬಂದ ದಿನವೇ ಒಂದು ಮೊನೊ ಸ್ವರ ಕೊರೆದು, ಮೊನೊ ಬಟನ್ ಒತ್ತಿ ಕೇಳಿ. ಸದ್ದು ಹಾಗೇ ಇದ್ದರೆ ಸರಿ, ಕುಸಿದರೆ ತಂತಿ ನೋಡಿ.

ಇದರ ಅಣ್ಣತಮ್ಮ ಕ್ಯಾಸೆಟ್ಟಿನಲ್ಲೂ ಇದೆ. ಆ ಕಾಲದ ಮನೆ ರೆಕಾರ್ಡಿಂಗು ಒಂದೇ ಮೈಕಿನದ್ದು, ಮೊನೊ. ಅದನ್ನು ಸ್ಟೀರಿಯೊ ಡೆಕ್ಕಿನಲ್ಲಿ ಹಾಕಿದಾಗ ಹೆಡ್ಡು ಟೇಪಿಗೆ ನೇರ ಲಂಬವಾಗಿ ಇಲ್ಲದಿದ್ದರೆ ಎಡಕ್ಕೂ ಬಲಕ್ಕೂ ಕ್ಷಣದ ಸಣ್ಣ ಪಾಲು ಹಿಂದುಮುಂದಾಗುತ್ತದೆ, ಸ್ವರದ ಮೊನಚು ಹೋಗುತ್ತದೆ. ಒಬ್ಬೊಬ್ಬರ ಟೇಪ್‌ರೆಕಾರ್ಡರಿನಲ್ಲಿ ತುಂಬಿಸಿದ್ದರಿಂದ ಪ್ರತಿ ಕ್ಯಾಸೆಟ್ಟಿಗೂ ಓರೆ ಬೇರೆ. ಡೆಕ್ಕಿನ ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು, ಮೊನೊದಲ್ಲಿ ಕೇಳುತ್ತ, ತಾಳದ ಝಣ ಅತ್ಯಂತ ಸ್ಪಷ್ಟ ಬರುವವರೆಗೆ ಒಂದಿಷ್ಟೊಂದಿಷ್ಟೇ ತಿರುಗಿಸಬೇಕು. ಆಮೇಲೆ ಎರಡನ್ನೂ ಸೇರಿಸಿ ಮೊನೊವಾಗಿಯೇ ಕೊರೆದೆವು. ಮೇಲೆ-ಕೆಳಗಿನ ಆಟವೇ ಇಲ್ಲದ ಮೇಲೆ ಸೂಜಿ ಹಾರುವ ಭಯವೂ ಹೋಯಿತು.

ಕಡೆಯ ಹುಲಿ ತಾಳ. ನಮ್ಮ ಬಡಗು ಶೈಲಿಯ ಯಕ್ಷಗಾನದಲ್ಲಿ ಭಾಗವತರೇ ಕೈಯಲ್ಲಿ ತಾಳ ಹಿಡಿದು ಹಾಡುತ್ತಾರೆ. ಅಂದು ಇದ್ದ ಒಂದೇ ಮೈಕು ಅವರ ಮುಂದೆ. ಎಂದರೆ ಇಡೀ ಕ್ಯಾಸೆಟ್ಟಿನಲ್ಲಿ ಮೈಕಿಗೆ ಅತಿ ಹತ್ತಿರ ಇರುವುದು ಕಂಠಕ್ಕಿಂತ ಕಂಚು. ಪ್ಲೇಟಿಗೆ ಕೊರೆಯುವಾಗ ಕೆಳಸ್ವರ ತಗ್ಗಿಸಿ ಮೇಲ್ಸ್ವರ ಏರಿಸುವ ಪದ್ಧತಿ ಇದೆ, ಆರ್‌ಐಎಎ ಕರ್ವ್ ಎನ್ನುತ್ತಾರೆ, 1954ರಿಂದ ರೂಢಿಗೆ ಬಂದದ್ದು. ನುಡಿಸುವಾಗ ಆಂಪ್ಲಿಫೈಯರ್ ಅದನ್ನು ಉಲ್ಟಾ ಮಾಡಿ ಸಮ ಮಾಡುತ್ತದೆ. ಈ ಲೆಕ್ಕದಲ್ಲಿ 10,000 ಹರ್ಟ್ಸಿನ ಸದ್ದು, ನಡುಸ್ವರಕ್ಕೆ ಹೋಲಿಸಿದರೆ, ಸುಮಾರು 14 ಡೆಸಿಬೆಲ್ ಹೆಚ್ಚಾಗಿ ಗೆರೆಗೆ ಇಳಿಯುತ್ತದೆ. ತಾಳದ ಝಣವೆಲ್ಲ ಇರುವುದು ಆ ಕಡೆಗೇ. ಅಷ್ಟು ಚುರುಕಾಗಿ ಆಡಿಸಲು ಹೋದರೆ ಕಟಿಂಗ್ ಹೆಡ್ಡಿನ ಕಾಯಿಲ್ ಕಾಯುತ್ತದೆ, ಸುಟ್ಟರೆ ಹೆಡ್ಡೇ ಹೋಯಿತು. ಸುಡದಿದ್ದರೂ, ಆ ವೇಗದ ತಿರುವುಗಳನ್ನು ನುಡಿಸುವ ಸೂಜಿ ಹಿಂಬಾಲಿಸಲಾರದೆ ಛರ್ರೆನ್ನುತ್ತದೆ.

ಮೇಲ್ಸ್ವರವನ್ನು ಒಟ್ಟಾಗಿ ಕತ್ತರಿಸಿದರೆ ತಾಳದ ಜೊತೆ ಅರ್ಥಧಾರಿಗಳ ಮಾತೂ ಮಂಕಾಗುತ್ತದೆ, ಸಂಸ್ಕೃತ ಪದಗಳ ಸ, ಶ, ಷ ಎಲ್ಲ ಒಂದೇ ಆಗಿಬಿಡುತ್ತದೆ. ತಾಳ ಬಿದ್ದ ಕ್ಷಣದಲ್ಲಿ ಮಾತ್ರ, ಆ ಸ್ತರವನ್ನು ಮಾತ್ರ ಒತ್ತುವ ಡಿ-ಎಸ್ಸರ್ ಎಂಬ ಸಾಫ್ಟ್‌ವೇರ್ ಹಾಕಿದೆವು. 15,000ಕ್ಕಿಂತ ಮೇಲಿನದ್ದನ್ನು ಪೂರ್ತಿ ತೆಗೆದೆವು, ಹಳೆ ಕ್ಯಾಸೆಟ್ಟಿನಲ್ಲಿ ಅಲ್ಲಿ ಇದ್ದದ್ದು ಬರೀ ಟೇಪಿನ ಸುಂಯ್. ಒಟ್ಟು ಮಟ್ಟವನ್ನೂ ತುಸು ಇಳಿಸಿದೆವು.

ಹೊರಗಿನ ಸುತ್ತುಗಳು ಚೆನ್ನಾದವು. ಒಳಗೆ ಹೋದಂತೆ ಮತ್ತೆ ಛರ್ರು. ಇದು ಯಾರ ದೋಷವೂ ಅಲ್ಲ, ಪ್ಲೇಟಿನ ಸ್ವಭಾವ. ಹನ್ನೆರಡು ಇಂಚಿನ ಪ್ಲೇಟಿನ ಹೊರ ಅಂಚಿನಲ್ಲಿ ಗೆರೆ ಸೂಜಿಯ ಕೆಳಗೆ ಸೆಕೆಂಡಿಗೆ 51 ಸೆಂ.ಮೀ. ಓಡುತ್ತದೆ, ಒಳತುದಿಯಲ್ಲಿ 21. ಅದೇ ಸದ್ದನ್ನು ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ತುರುಕಬೇಕು. ತಾಳಮದ್ದಳೆಯಾದರೋ ಶುರುವಾಗುವುದು ನಿಧಾನಕ್ಕೆ. ವಾದ ಏರಿ, ಪದ್ಯ ಏರಿ, ತಾಳ-ಮದ್ದಳೆ ಬಿರುಸಾಗುವುದು ಕಡೆಯಲ್ಲಿ. ಪ್ಲೇಟಿಗೆ ಎಲ್ಲಿ ತ್ರಾಣವಿಲ್ಲವೋ ಅಲ್ಲೇ ಪ್ರಸಂಗದ ಬಿರುಸು ಬಂದು ಕೂರುತ್ತದೆ.

ನಮ್ಮೊಳಗೆ ಜಗಳವಾದದ್ದು ಇದಕ್ಕೆ. ಒಬ್ಬರು ಪೂರ್ತಿ ಪ್ರಸಂಗ ಬೇಕೆಂದರು, ಒಂದು ಬದಿಗೆ 22 ನಿಮಿಷ ಹಾಕೋಣ ಎಂದರು. ನಾನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಹದಿನಾಲ್ಕು ನಿಮಿಷಕ್ಕೆ ಸುಮಾರು 467 ಸುತ್ತು. ಹೊರಗಿನಿಂದ ಒಳಕ್ಕೆ 7 ಸೆಂ.ಮೀ. ಜಾಗ ಬಳಸಿದರೆ ಸುತ್ತಿನಿಂದ ಸುತ್ತಿಗೆ 150 ಮೈಕ್ರಾನ್. ನಮ್ಮ ಗೆರೆಯ ಅಗಲ 60, ಉಳಿದ 90ರಲ್ಲಿ ಅಡ್ಡ ಆಡಲು ಜಾಗವಿದೆ. ಅದೇ ಜಾಗದಲ್ಲಿ 22 ನಿಮಿಷ ಎಂದರೆ ಸುತ್ತಿನ ಅಂತರ 95ಕ್ಕೆ ಇಳಿಯುತ್ತದೆ, ಉಳಿಯುವುದು 35. ಮದ್ದಳೆಯ ಒಂದು ಪೆಟ್ಟಿಗೆ ಗೆರೆ ಗೆರೆಯ ಮೇಲೆ ಹೋಗುತ್ತದೆ. ಜಾಗ ಉಳಿಸಲು ಮಟ್ಟ ಇಳಿಸಿದರೆ ಸುಂಯ್ ಮೇಲೆ ಬರುತ್ತದೆ. ಕೊನೆಗೆ ಒಪ್ಪಿದರು. ಒಂದು ಪ್ಲೇಟಿಗೆ ಪೂರ್ತಿ ಪ್ರಸಂಗ ಬೇಡ, ಆಯ್ದ ಭಾಗ ಸಾಕು. ಪ್ರತಿ ಬದಿಯಲ್ಲೂ ಏರುಪದ್ಯ ಹೊರಗೆ, ಮಾತಿನ ಭಾಗ ಒಳಗೆ ಬರುವಂತೆ ಆಯ್ಕೆ. ಪ್ಲೇಟಿನ ಕಡೆಯ ಒಂದೂವರೆ ಸೆಂ.ಮೀ. ಖಾಲಿ. ಪೂರ್ತಿ ಪ್ರಸಂಗ ಬೇಕಾದವರಿಗೆ ಪೆನ್‌ಡ್ರೈವ್.

ಕ್ರಮ ಬದಲಾಯಿಸಿದ್ದು ಸರಿಯೇ ಎಂದು ಈಗಲೂ ಒಬ್ಬರು ಗೊಣಗುತ್ತಾರೆ. ಕಥೆಯ ಓಟ ಕೆಡುತ್ತದೆ ಎನ್ನುವುದು ಅವರ ಮಾತು, ಅದೂ ಸುಳ್ಳಲ್ಲ. ಆದರೆ ಹರಿದ ಸದ್ದಿನ ಏರುಪದ್ಯ ಕೇಳುವುದಕ್ಕಿಂತ ಇದು ವಾಸಿ ಎಂದು ನನ್ನ ಅಭಿಪ್ರಾಯ.

ಆಯಿಗೆ ಹೊಸ ಪ್ಲೇಟು ಹಾಕಿ ಕೇಳಿಸಿದೆ. ಪೂರ್ತಿ ಕೇಳಿದಳು. “ಅಡ್ಡಿಲ್ಲೆ” ಎಂದು ಹೇಳಿ ಹಾಲು ಕಾಯಿಸಲು ಎದ್ದಳು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಕೊಡುವುದಿಲ್ಲ.

ಮುಂದೆ ಮಾಡುವವರಿಗೆ ಖರ್ಚಿನ ಬಗ್ಗೆ ಇನ್ನೆರಡು ಮಾತು. ಮಷಿನ್ನಿನ ಬೆಲೆ ಒಮ್ಮೆ ಕೊಟ್ಟು ಮುಗಿಯುವಂಥದ್ದಲ್ಲ. ವಜ್ರದ ಸೂಜಿಯೂ ಸವೆಯುತ್ತದೆ, ಒಂದಕ್ಕೆ ನಮಗೆ ಹದಿನೈದು ಸಾವಿರದ ಆಸುಪಾಸು ಬಿತ್ತು. ಖಾಲಿ ಗೆರೆಯ ಸುಂಯ್ ಬಲ್ಬು ಹಾಕಿದರೂ ಇಳಿಯದಿದ್ದರೆ ಸೂಜಿಯ ಆಯಸ್ಸು ಮುಗಿಯುತ್ತ ಬಂತು ಎಂದು ತಿಳಿಯಿರಿ. ಕೆಟ್ಟ ಪ್ಲೇಟುಗಳ ಲೆಕ್ಕವನ್ನೂ ಇಟ್ಟುಕೊಳ್ಳಿ, ಒಳ್ಳೆಯದಕ್ಕಿಂತ ಅವೇ ಹೆಚ್ಚು ಬರುತ್ತವೆ. ಮುಗಿದ ಪ್ಲೇಟನ್ನು ಕಡಿಮೆ ಬೆಲೆಯ ಸೂಟ್‌ಕೇಸ್ ಪ್ಲೇಯರಿನಲ್ಲೂ ಒಮ್ಮೆ ಹಾಕಿ ನೋಡಿ, ಏಕೆಂದರೆ ಪ್ಲೇಟು ಪಡೆದವರ ಮನೆಯಲ್ಲಿ ಇರುವುದು ಅದೇ. ಸವೆದ ಸೂಜಿಯನ್ನು ಮತ್ತೆ ಚೂಪು ಮಾಡಿಸಲು ಹೊರದೇಶಕ್ಕೆ ಕಳಿಸುವಾಗ ರಿಪೇರಿಗೆ ಹೋಗಿ ವಾಪಸು ಬರುವ ವಸ್ತು ಎಂದು ಕಾಗದದಲ್ಲಿ ಬರೆಸಿ, ಕಳಿಸಿದ ರಸೀದಿಯ ಪ್ರತಿ ಜೋಪಾನ ಮಾಡಿ. ನಮ್ಮದೊಂದು ಸೂಜಿ ಹಾಗೆ ಹೋಗಿದೆ, ವಾಪಸು ಬರುವುದನ್ನು ಕಾಯುತ್ತಿದ್ದೇವೆ.